ಕೊಸರಿಲ್ಲದ ಅಂಗಡಿ: ನಿಮಿಷಗಳಲ್ಲಿ ಸಾಮಾನು ತರುವ ಆ್ಯಪ್ ಜೊತೆ ನೂರು ದಿನ

2025ರ ಅಕ್ಟೋಬರ್ 10ರಿಂದ 2026ರ ಜನವರಿ 17ರವರೆಗೆ, ಎಣಿಸಿದಂತೆ ನೂರು ದಿನ, ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಮನೆಗೆ ಬೇಕಾದ ದಿನಸಿ, ತರಕಾರಿ, ಹಣ್ಣು, ಹೂವು ಎಲ್ಲವನ್ನೂ ನಿಮಿಷಗಳಲ್ಲಿ ತಲುಪಿಸುತ್ತೇವೆಂದು ಹೇಳುವ ಒಂದು ಆ್ಯಪ್‌ನಿಂದಲೇ ತರಿಸಿಕೊಂಡೆವು. ಮಂಡಿ ನೋವಿನಿಂದಾಗಿ ನಾನು ಮಾರುಕಟ್ಟೆಗೆ ಹೋಗುವುದು ಕಷ್ಟವಾದಾಗ ಪುಣೆಯಲ್ಲಿರುವ ಮಗಳು ಫೋನಿನಲ್ಲೇ ಹೇಳಿಕೊಟ್ಟು ಇದನ್ನು ನನ್ನ ಮೊಬೈಲಿಗೆ ಹಾಕಿಸಿದಳು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನಾದ್ದರಿಂದ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬಿಲ್ಲನ್ನೂ ಬರೆದಿಡುತ್ತ ಬಂದೆ. ಈ ವಿಮರ್ಶೆ ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಬರೆದದ್ದು. ಆ್ಯಪ್‌ನ ಹೆಸರನ್ನು ಬರೆಯುತ್ತಿಲ್ಲ. ಬಣ್ಣವೊಂದನ್ನು ಬಿಟ್ಟರೆ ಇಂಥ ಆ್ಯಪ್‌ಗಳ ನಡುವೆ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ನನ್ನ ದೂರು ಕೂಡ ಒಂದು ಕಂಪನಿಯ ಮೇಲಿನದ್ದಲ್ಲ.

ಮೊದಲು ಕೆಲಸದ ಮಾತು. ಸಾಮಾನು ಬರುತ್ತದೆ, ಬೇಗ ಬರುತ್ತದೆ. ನೂರು ದಿನಗಳಲ್ಲಿ 83 ಆರ್ಡರುಗಳಾದವು, ಅವುಗಳಲ್ಲಿ ಅರ್ಧ ಗಂಟೆ ಮೀರಿದ್ದು ನಾಲ್ಕು ಮಾತ್ರ, ಆ ನಾಲ್ಕೂ ಮಳೆಯ ದಿನಗಳವು. ಅಕ್ಕಿ, ಬೇಳೆ, ಎಣ್ಣೆಯ ಪ್ಯಾಕೆಟ್ಟುಗಳಲ್ಲಿ ದೂರು ಹೇಳುವಂಥದ್ದು ಏನೂ ಇರಲಿಲ್ಲ. ಬಾಳೆಹಣ್ಣು ಸಾಧಾರಣ, ಸೊಪ್ಪು ತಕ್ಕಮಟ್ಟಿಗೆ, ಬದನೆಕಾಯಿಯಂತೂ ಕೈಯಿಂದ ಒತ್ತಿ ನೋಡದೆ ಕೊಳ್ಳುವ ವಸ್ತುವೇ ಅಲ್ಲವೆಂಬುದು ಎರಡನೆಯ ವಾರಕ್ಕೇ ಖಚಿತವಾಯಿತು. ನವೆಂಬರಿನ ಒಂದು ರಾತ್ರಿ ಹನ್ನೊಂದೂಕಾಲಿಗೆ ನನ್ನ ಹೆಂಡತಿಗೆ ಚಳಿಜ್ವರ ಏರಿದಾಗ, ಮನೆಯಲ್ಲಿದ್ದ ಥರ್ಮಾಮೀಟರ್ ಕೆಟ್ಟು ಕೂತಿತ್ತು. ಹೊಸ ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ ಮತ್ತು ಎರಡು ಎಳನೀರು ಹದಿಮೂರು ನಿಮಿಷಗಳಲ್ಲಿ ಬಾಗಿಲಿಗೆ ಬಂದವು. ಆ ರಾತ್ರಿಯ ಮಟ್ಟಿಗೆ ಈ ಸೇವೆಗೆ ನಾನು ಋಣಿ, ಮುಂದೆ ಬರೆಯುವ ಯಾವ ಮಾತೂ ಅದನ್ನು ಅಳಿಸುವುದಿಲ್ಲ.

ಈ ವ್ಯಾಪಾರ ನಮ್ಮ ಊರಿಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಒಂದು ವಾಟ್ಸ್ಆ್ಯಪ್ ಗುಂಪಾಗಿ ಹುಟ್ಟಿದ ಡನ್ಜೋ, ಮರೆತುಬಂದ ಕೀಲಿಕೈಯಿಂದ ಹಿಡಿದು ಗಾಂಧಿ ಬಜಾರಿನ ಹೂವಿನವರೆಗೆ ಏನನ್ನಾದರೂ ತಂದುಕೊಡುವವರ ಸೇವೆಯಾಗಿ ಬೆಳೆದು, 2025ರ ಆರಂಭದಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ವ್ಯಾಪಾರದ ಸ್ವರೂಪವೇ ಬದಲಾಗಿತ್ತು. ಡನ್ಜೋದವರು ಮೊದಮೊದಲು ನಮ್ಮ ಬೀದಿಯ ಅಂಗಡಿಗೇ ಹೋಗಿ ನಮ್ಮ ಪರವಾಗಿ ಕೊಂಡು ತರುತ್ತಿದ್ದರು, ಈಗಿನವರು ಬಡಾವಣೆಗೊಂದರಂತೆ ಡಾರ್ಕ್ ಸ್ಟೋರ್ ಎಂದು ಕರೆಯುವ ಗೋದಾಮುಗಳನ್ನಿಟ್ಟು ಅಲ್ಲಿಂದಲೇ ಕಳಿಸುತ್ತಾರೆ. ಗಿರಾಕಿ ಒಳಗೆ ಕಾಲಿಡುವಂತಿಲ್ಲದ ಅಂಗಡಿ ಅದು. ನಮ್ಮ ಮನೆಗೆ ಸಾಮಾನು ಬರುವ ಗೋದಾಮು ಇರುವುದು ಒಂದು ಕಿಲೋಮೀಟರಿನೊಳಗೆ, ಹಿಂದೆ ಮದುವೆಯ ಛತ್ರವಾಗಿದ್ದ ಕಟ್ಟಡದ ನೆಲಮಹಡಿಯಲ್ಲಿ. ಸಾವಿರಾರು ಎಲೆ ಹಾಕಿ ಬಡಿಸಿದ ಆ ಜಾಗದಲ್ಲಿ ಈಗ ಕಬ್ಬಿಣದ ಕಪಾಟುಗಳ ನಡುವೆ ಹುಡುಗ ಹುಡುಗಿಯರು ಮೊಬೈಲ್ ಹಿಡಿದು ಓಡಾಡುತ್ತಾರೆ. ಷಟರಿನ ಸಂದಿಯಿಂದ ಕಾಣಿಸಿದ್ದು ಅಷ್ಟೇ.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೊಸರು ಎಂಬ ಪದ ನಮ್ಮ ಮಗಳ ವಯಸ್ಸಿನವರಿಗೆ ಗೊತ್ತಿದೆಯೋ ಇಲ್ಲವೋ, ನಮ್ಮ ತಲೆಮಾರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅರ್ಧ ಕಿಲೋ ಹುರುಳಿಕಾಯಿ ತೂಗಿದ ಮೇಲೆ ತಕ್ಕಡಿ ಸಮನಾಗಿ ನಿಂತಿದ್ದರೂ ಮತ್ತೆ ನಾಲ್ಕು ಕಾಯಿ ಎಸೆಯುವುದು, ಮೊಳ ಹಾಕಿದ ಮಲ್ಲಿಗೆಯನ್ನು ಕತ್ತರಿಸುವ ಮುನ್ನ ಬೆರಳು ಇನ್ನೊಂದಿಷ್ಟು ಮುಂದೆ ಸರಿಯುವುದು, ಹಾಲಿನವನು ಲೋಟ ಬಗ್ಗಿಸಿದ ಮೇಲೆ ಕ್ಯಾನಿನಿಂದ ಇನ್ನೊಂದು ಧಾರೆ ಸುರಿಯುವುದು, ತರಕಾರಿಯ ಚೀಲದ ಮೇಲೆ ಕೇಳದೆಯೇ ಒಂದು ಎಸಳು ಕರಿಬೇವು ಬೀಳುವುದು ಕೊಸರು. ಅದಕ್ಕೆ ಬೆಲೆಯಿಲ್ಲ, ಬಿಲ್ಲಿನಲ್ಲಿ ಸಾಲಿಲ್ಲ. ಕೊಡುವವನ ಕೈ ರಾಶಿಯೊಳಗೆ ಇರುತ್ತದೆ, ಎಷ್ಟು ಎತ್ತಬೇಕೆಂಬುದನ್ನು ಆ ಕೈ ಆ ಕ್ಷಣದಲ್ಲಿ ತೀರ್ಮಾನಿಸುತ್ತದೆ.

ಈ ಆ್ಯಪ್‌ನಲ್ಲಿ ಕೊಸರು ಇಲ್ಲ. ಇಲ್ಲವೆಂದರೆ ಇಲ್ಲ ಅಷ್ಟೇ ಎಂದು ಬಿಡಬಹುದಿತ್ತು, ಆದರೆ ಅದು ತಿರುವುಮುರುವಾಗಿ ಇದೆ. ಅಕ್ಟೋಬರ್ 23ರ ಒಂದು ಬಿಲ್ಲನ್ನು ನೋಟ್‌ಬುಕ್ಕಿನಿಂದ ಹಾಗೇ ಎತ್ತಿ ಬರೆಯುತ್ತೇನೆ. ಕೊತ್ತಂಬರಿ ಕಟ್ಟು ₹12, ನೂರು ಗ್ರಾಂ ಶುಂಠಿ ₹18. ನಿರ್ವಹಣಾ ಶುಲ್ಕ ₹10, ಸಣ್ಣ ಕಾರ್ಟ್ ಶುಲ್ಕ ₹20, ಡೆಲಿವರಿ ₹25, ಮಳೆ ಶುಲ್ಕ ₹15, ದೇಣಿಗೆ ₹2. ಮೂವತ್ತು ರೂಪಾಯಿಯ ಸಾಮಾನಿಗೆ ನೂರಾ ಎರಡು ರೂಪಾಯಿ. ಇಲ್ಲಿಯೂ ತಕ್ಕಡಿಗೆ ಕೊನೆಯಲ್ಲಿ ಏನೋ ಬೀಳುತ್ತದೆ, ಬೀಳುವುದು ನನ್ನ ಕಡೆಯಿಂದ. ಸಣ್ಣ ಕಾರ್ಟ್ ಶುಲ್ಕ ತಪ್ಪಿಸಿಕೊಳ್ಳಲು ಇನ್ನಷ್ಟು ಕೊಳ್ಳಿ ಎಂದು ಪರದೆಯ ಮೇಲೊಂದು ಪಟ್ಟಿ ಸದಾ ಹಸಿರಾಗಿ ಮಿನುಗುತ್ತಿರುತ್ತದೆ. ಹಾಗೆ ಶುಲ್ಕ ಉಳಿಸಲೆಂದು ನಾನು ಕೊಂಡ ವಸ್ತುಗಳ ಪಟ್ಟಿಯನ್ನು ಓದಿದರೆ ನನಗೇ ನಾಚಿಕೆಯಾಗುತ್ತದೆ. ಎರಡು ಡಬ್ಬಿ ಪುದೀನ ಮಿಠಾಯಿ, ಆವಕಾಡೊ ಒಂದು, ಸುಗಂಧದ ಮೇಣದಬತ್ತಿ ಒಂದು, ಮತ್ತು ನಾಯಿಯೇ ಇಲ್ಲದ ಮನೆಗೆ ಆಕಸ್ಮಿಕವಾಗಿ ನಾಯಿಯ ಬಿಸ್ಕತ್ತು. ಅದನ್ನು ವಾಚ್‌ಮನ್ನಿನ ಬೀದಿನಾಯಿ ಬಲು ಪ್ರೀತಿಯಿಂದ ತಿಂದಿತು. ಆ ನೂರು ದಿನಗಳ ಅತ್ಯಂತ ಶುದ್ಧವಾದ ದಾನ ಬಹುಶಃ ಅದೇ.

ದೇಣಿಗೆಯ ಆ ಎರಡು ರೂಪಾಯಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ 46 ಆರ್ಡರುಗಳಲ್ಲಿ ಅದು ಇತ್ತು, ಒಟ್ಟು ₹92. ನಾನು ಅದನ್ನು ಕೊಟ್ಟೆ ಎಂದು ಹೇಳಲು ಬಾಯಿ ಬರುವುದಿಲ್ಲ, ಏಕೆಂದರೆ ಕೊಡುತ್ತಿದ್ದೇನೆಂದು ನನಗೆ ತಿಳಿದೇ ಇರಲಿಲ್ಲ. ಗುರುತಿನ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟು ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರಿಸಿದ್ದರು. ಟಿಕ್ ತೆಗೆದ ದಿನ ಪರದೆಯ ಮೇಲೆ ಬೇಸರದ ಮುಖವೊಂದು ಮೂಡಿ, ಹಸಿದ ಮಗುವೊಂದಕ್ಕೆ ಊಟ ಬೇಡವೇ ಎಂಬರ್ಥದ ಪ್ರಶ್ನೆ ಕೇಳಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ಮಾರಾಟಗಾರರು ಬಳಸಬಾರದ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದ್ದಾರೆ. ಗಿರಾಕಿಯ ಒಪ್ಪಿಗೆಯಿಲ್ಲದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದು ಅವುಗಳಲ್ಲೊಂದು, ಆ ಸೇರಿಸುವಿಕೆಯ ಉದಾಹರಣೆಗಳಲ್ಲಿ ದಾನದ ಹಣವೂ ಇದೆ. ಬೇಡವೆಂದವನನ್ನು ನಾಚಿಸಿ ಮನಸ್ಸು ಬದಲಾಯಿಸುವುದು ಇನ್ನೊಂದು. ಹೀಗೆ ಒಂದೇ ಎರಡು ರೂಪಾಯಿಯೊಳಗೆ ಹದಿಮೂರರಲ್ಲಿ ಎರಡನ್ನು ನಾನು ಕಂಡೆ. ಆ ಹಣ ನಿಜವಾಗಿಯೂ ಒಂದು ಮಗುವಿನ ತಟ್ಟೆಗೆ ಹೋಗುತ್ತಿರಬಹುದು, ಅದನ್ನು ನಾನು ಅನುಮಾನಿಸುತ್ತಿಲ್ಲ. ನನ್ನ ತಕರಾರು ಬೇರೆ. ತಿಳಿಯದೆ ಜೇಬಿನಿಂದ ಜಾರಿದ ಹಣವನ್ನು ನಮ್ಮ ಕಡೆ ದಾನ ಎನ್ನುವುದಿಲ್ಲ, ಕಳೆದುಹೋಯಿತು ಎನ್ನುತ್ತಾರೆ.

ಇನ್ನು ಚಪಲದ ವಿಷಯ. ಹಿಂದೆ ರಾತ್ರಿ ಹತ್ತೂವರೆಗೆ ಐಸ್‌ಕ್ರೀಮ್ ತಿನ್ನಬೇಕೆನಿಸಿದರೆ ಆ ಆಸೆ ಎದ್ದು ಅಂಗಿ ಹಾಕಿಕೊಂಡು, ಲಿಫ್ಟಿಗೆ ಕಾದು, ಚಪ್ಪಲಿ ಮೆಟ್ಟಿ, ಬೀದಿಯ ತುದಿಯ ಅಂಗಡಿಯವರೆಗೆ ನಡೆಯಬೇಕಿತ್ತು. ಹತ್ತರಲ್ಲಿ ಒಂಬತ್ತು ಆಸೆಗಳು ಚಪ್ಪಲಿಯ ಹತ್ತಿರವೇ ಸಾಯುತ್ತಿದ್ದವು. ಮನುಷ್ಯನ ಸಂಯಮವೆಂದು ನಾವು ಹೊಗಳುವುದರಲ್ಲಿ ಎಷ್ಟು ಪಾಲು ಕೇವಲ ಸೋಮಾರಿತನವೆಂಬುದು ಈ ಆ್ಯಪ್ ಬಂದ ಮೇಲೆ ನನಗೆ ಗೊತ್ತಾಯಿತು. ಪ್ರತಿ ಆರ್ಡರಿಗೆ ಮುನ್ನ ಬೇಕಾದದ್ದನ್ನು ಚೀಟಿಯಲ್ಲಿ ಬರೆದು ನಂತರ ಆ್ಯಪ್ ತೆರೆಯುವುದು ನನ್ನ ಪದ್ಧತಿಯಾಗಿತ್ತು. 83ರಲ್ಲಿ ಚೀಟಿಯಲ್ಲಿದ್ದಷ್ಟನ್ನೇ ಕೊಂಡದ್ದು 22 ಸಲ. ಉಳಿದ 61 ಸಲ ಚೀಟಿಯಾಚೆಯ ಯಾವುದೋ ಒಂದು ವಸ್ತು ಒಳಗೆ ಬಂದಿತ್ತು. ಒಟ್ಟು ಖರ್ಚು ₹31,460. ಹಿಂದಿನ ವರ್ಷ ಅದೇ ಅವಧಿಯಲ್ಲಿ ಮನೆಖರ್ಚಿನ ಪುಸ್ತಕದಲ್ಲಿ ಇದೇ ಬಾಬ್ತಿಗೆ ನಾನು ಬರೆದಿದ್ದ ಮೊತ್ತ ₹22,900. ಬೆಲೆ ಏರಿದೆ ಎಂದು ಒಂದಷ್ಟನ್ನು ಕಳೆದರೂ ಉಳಿದದ್ದಕ್ಕೆ ನಾನೇ ಹೊಣೆ. ಆ್ಯಪ್ ನನ್ನ ಕೈ ಹಿಡಿದು ಒತ್ತಿಸಲಿಲ್ಲ.

ಹಬ್ಬಗಳು ಬಂದಾಗ ಈ ಚಪಲಕ್ಕೆ ಹೊಸ ವೇಷ ಬರುತ್ತದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ, ಮರುದಿನದ ಎಣ್ಣೆಸ್ನಾನಕ್ಕೆ ಸಿದ್ಧವಾಗುವುದು ಬಿಟ್ಟರೆ ನನ್ನ ತಾಯಿ ಆ ದಿನ ಏನನ್ನೂ ಕೊಂಡದ್ದನ್ನು ನಾನು ಕಾಣೆ. ಆ್ಯಪ್ ಆ ವಾರ ಪೂರ್ತಿ ಧನತ್ರಯೋದಶಿಯ ಹೆಸರಿನಲ್ಲಿ ಬೆಳ್ಳಿ ನಾಣ್ಯ, ಒಂದು ಗ್ರಾಂ ಚಿನ್ನ, ಲಕ್ಷ್ಮಿಯ ಪಾದಗಳನ್ನು ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲೇ ತೋರಿಸುತ್ತಿತ್ತು. ಇದೇ ರೀತಿ ಅಕ್ಷಯ ತದಿಗೆಯೂ ನಮ್ಮ ಕಣ್ಣೆದುರಿಗೇ ತಿರುಗಿಕೊಂಡಿತು. ಆ ದಿನ ಮಾಡಿದ ದಾನ ಕ್ಷಯಿಸುವುದಿಲ್ಲವೆಂದು ನೀರಿನ ಕೊಡ, ಕೊಡೆ, ಬೀಸಣಿಗೆ, ಮೊಸರನ್ನ ಕೊಡುತ್ತಿದ್ದ ದಿನವದು. ಈಗ ಆ ದಿನ ಕೊಂಡ ಚಿನ್ನ ಕ್ಷಯಿಸುವುದಿಲ್ಲವೆಂಬುದು ಜಾಹೀರಾತು. ಕ್ರಿಯಾಪದವೊಂದು ಬದಲಾಗಿದೆ, ಹಬ್ಬ ಅದೇ ಇದೆ. ನಾನೂ ಒಂದು ಬೆಳ್ಳಿ ನಾಣ್ಯ ಕೊಂಡೆ. ಹನ್ನೊಂದು ನಿಮಿಷಕ್ಕೆ ಬಂತು, ಒಂದು ಕಟ್ಟು ಪುದೀನದ ಜೊತೆ ಅದೇ ಕಾಗದದ ಚೀಲದಲ್ಲಿ.

ತಂದುಕೊಡುವವರ ಬಗ್ಗೆ ಬರೆಯದೆ ಈ ಸೇವೆಯ ವಿಮರ್ಶೆ ಪೂರ್ಣವಾಗುವುದಿಲ್ಲ. ಮಳೆ ಶುಲ್ಕ ಹದಿನೈದು ರೂಪಾಯಿ ಕೊಟ್ಟ ಅದೇ ಅಕ್ಟೋಬರಿನ ಸಂಜೆ, ಕೊತ್ತಂಬರಿ ಮತ್ತು ಶುಂಠಿ ಹಿಡಿದು ಬಂದ ಹುಡುಗನ ರೇನ್‌ಕೋಟಿನ ತೋಳು ಭುಜದಲ್ಲಿ ಹರಿದಿತ್ತು. ಚೀಲವನ್ನು ಮಾತ್ರ ಎದೆಯೊಳಗೆ ಇಟ್ಟುಕೊಂಡು ಒದ್ದೆಯಾಗದಂತೆ ತಂದಿದ್ದ. ನನ್ನ ಹೆಂಡತಿ ಬಿಸಿನೀರು ತಂದು, ‘ಒಂದು ಗುಟುಕು ಕುಡಿದು ಹೋಗಪ್ಪ’ ಎಂದಳು. ‘ಬ್ಯಾಡ್ರಿ ಅಮ್ಮ, ಕೆಳಗ ಇನ್ನೊಂದ್ ಆರ್ಡರ್ ಅದ, ಟೈಮ್ ಹೊಂಟದ’ ಎಂದು ಹೇಳುತ್ತಲೇ ಲೋಟ ತೆಗೆದುಕೊಂಡು, ತುಟಿಗೆ ತಾಗಿಸದೆ ಎತ್ತಿ ಕುಡಿದ. ಊರು ಸಿಂಧನೂರಿನ ಹತ್ತಿರವಂತೆ, ಪದವಿಯ ಎರಡನೆಯ ವರ್ಷಕ್ಕೆ ಓದು ಬಿಟ್ಟು ಬಂದವನಂತೆ. ಅವನು ಹೋದ ಮೇಲೆ ನಾನು ಆ್ಯಪ್‌ನಲ್ಲಿ ಇಪ್ಪತ್ತು ರೂಪಾಯಿ ಟಿಪ್ ಹಾಕಿದೆ. ಪರದೆಯ ಮೇಲೆ ಬಣ್ಣದ ಕಾಗದಗಳು ಉದುರಿ, ನೀವು ಒಬ್ಬರ ದಿನವನ್ನು ಬೆಳಗಿಸಿದಿರಿ ಎಂದು ನನ್ನನ್ನು ಹೊಗಳಿತು. ಮೂವತ್ತು ರೂಪಾಯಿಯ ಸೊಪ್ಪು ಶುಂಠಿಗಾಗಿ ಒಬ್ಬ ಹುಡುಗನನ್ನು ಮಳೆಯಲ್ಲಿ ಓಡಿಸಿದವನಿಗೆ ಆ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ. ನೂರು ದಿನಗಳಲ್ಲಿ ನಾನು ಕೊಟ್ಟ ಟಿಪ್ಪಿನ ಒಟ್ಟು ಮೊತ್ತ ₹310, ಆ್ಯಪ್‌ಗೆ ಕೊಟ್ಟ ನಾನಾ ಶುಲ್ಕಗಳ ಮೊತ್ತ ₹1,384. ಇದನ್ನು ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ.

ಬೇರೆಯವರ ಔದಾರ್ಯವನ್ನು ಅಳೆಯುವ ಮೊದಲು ನಮ್ಮ ಕಟ್ಟಡದ ಮಾತನ್ನೂ ಹೇಳಿಬಿಡುತ್ತೇನೆ. ಡೆಲಿವರಿಯವರು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು ಎಂಬ ಸೂಚನಾಫಲಕವನ್ನು ಅನುಮೋದಿಸಿದ ನಿವಾಸಿಗಳ ಸಂಘದ ಸಭೆಯಲ್ಲಿ ನಾನೂ ಕೈ ಎತ್ತಿದವನು. ನವೆಂಬರಿನಲ್ಲಿ ಆ ಲಿಫ್ಟ್ ಒಂಬತ್ತು ದಿನ ಕೆಟ್ಟು ನಿಂತಿತ್ತು. ಆ ಒಂಬತ್ತು ದಿನವೂ ಹುಡುಗರು ಐದು ಮಹಡಿ ಹತ್ತಿ ಬಂದರು, ಪಕ್ಕದ ಲಿಫ್ಟ್ ಕನ್ನಡಿ ಸಮೇತ ಖಾಲಿ ನಿಂತಿತ್ತು. ಡಿಸೆಂಬರಿನ ಸಭೆಯಲ್ಲಿ ಆ ಫಲಕವನ್ನು ತೆಗೆಸಬೇಕೆಂದು ನಾನು ಹೇಳಿದಾಗ ಪರವಾಗಿ ಬಿದ್ದದ್ದು ಏಳು ಮತ. ಫಲಕ ಇನ್ನೂ ಅಲ್ಲೇ ಇದೆ.

ಟಿಪ್ ನನ್ನ ಮನಸ್ಸಿನ ಹವಾಮಾನವನ್ನು ನೆಚ್ಚಿಕೊಂಡದ್ದು. ಆದ್ದರಿಂದ ಇಂಥ ಕಡೆ ಕನಿಕರಕ್ಕಿಂತ ಕಾನೂನು ಮೇಲು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಸರ್ಕಾರ 2025ರಲ್ಲಿ ತಂದ, ಆ್ಯಪ್‌ಗಳಿಗಾಗಿ ಇಂಥ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ, ಪ್ರತಿ ವಹಿವಾಟಿನಲ್ಲೂ ಕಾರ್ಮಿಕರಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆದು ಅವರಿಗಾಗಿ ಒಂದು ನಿಧಿಯನ್ನು ಕಟ್ಟಲು ಅವಕಾಶ ಮಾಡಿದೆ, ಒಂದು ಮಂಡಳಿಯನ್ನೂ ರಚಿಸುತ್ತದೆ. ಇಂಥ ಕಾನೂನನ್ನು ಮೊದಲು ತಂದದ್ದು 2023ರಲ್ಲಿ ರಾಜಸ್ಥಾನ. 2025ರ ಡಿಸೆಂಬರ್ 31ರಂದು ದೇಶದ ಹಲವು ಕಡೆ ಡೆಲಿವರಿ ಕಾರ್ಮಿಕರು ಮುಷ್ಕರಕ್ಕೆ ಕರೆ ಕೊಟ್ಟರು, ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಕಂಪನಿಗಳ ಜೊತೆ ಮಾತನಾಡಿದ ಮೇಲೆ ಹತ್ತು ನಿಮಿಷದಲ್ಲಿ ತಲುಪಿಸುತ್ತೇವೆಂಬ ಘೋಷಣೆ ಜಾಹೀರಾತುಗಳಿಂದ ಮರೆಯಾಗತೊಡಗಿತು. ಘೋಷಣೆ ಹೋದ ಮಾತ್ರಕ್ಕೆ ಹುಡುಗರ ವೇಗ ಇಳಿಯಿತೇ ಎಂದು ಕೇಳಿದರೆ, ನಮ್ಮ ಬಾಗಿಲಿನಲ್ಲಿ ನಿಂತು ನೋಡಿದ ನನಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಆ್ಯಪ್‌ನ ಪರವಾಗಿ ಹೇಳುವವರು ಅದರ ಮರುಪಾವತಿಯನ್ನು ತೋರಿಸುತ್ತಾರೆ, ಅದು ನಿಜವಾಗಿಯೂ ಧಾರಾಳವಾಗಿದೆ. ಒಮ್ಮೆ ಮೊಸರಿನ ಪ್ಯಾಕೆಟ್ ಒಡೆದು ಬಂದಿತ್ತು. ಫೋಟೊ ಕಳಿಸಿದ ಹನ್ನೆರಡು ಸೆಕೆಂಡಿಗೆ ಹಣ ಹಿಂದಕ್ಕೆ ಬಂತು, ಒಂದು ಪ್ರಶ್ನೆಯೂ ಇಲ್ಲ. ಆದರೆ ಅದರ ಹಿಂದೆ ಯಾರೂ ಇರಲಿಲ್ಲ. ಆ ಪ್ಯಾಕೆಟ್ಟಿನ ಮೊಸರು ಇಪ್ಪತ್ತು ಮೊಟ್ಟೆಗಳ ಟ್ರೇ ಮೇಲೆ ಹರಿದು ಚೀಲವೆಲ್ಲ ಹಾಳಾಗಿದೆ, ಮುಂದಿನ ಸಲ ಬೇರೆ ಬೇರೆ ಕಟ್ಟಿ ಎಂದು ಹೇಳಲು ನಾನು ಮುಕ್ಕಾಲು ಗಂಟೆ ಪ್ರಯತ್ನಿಸಿದೆ. ಚಾಟ್‌ನಲ್ಲಿ ಉತ್ತರಿಸುತ್ತಿದ್ದ ಯಂತ್ರ ನನ್ನ ಬೇಸರಕ್ಕೆ ಆರು ಸಲ ಕ್ಷಮೆ ಕೇಳಿ, ಮೂರು ಸಲ ಐವತ್ತು ರೂಪಾಯಿಯ ಕೂಪನ್ ಕೊಟ್ಟಿತು. ಕೂಪನ್ ಬಳಸಬೇಕಾದರೆ ಕನಿಷ್ಠ ₹399ರ ಸಾಮಾನು ಕೊಳ್ಳಬೇಕು. ದೂರು ಹೇಳಲು ಹೋದವನ ಕೈಗೆ ಮತ್ತೊಂದು ಖರೀದಿಯ ಚೀಟಿ ಬಂತು.

ಹಾಗೆಂದು ಹಳೆಯ ಅಂಗಡಿಯನ್ನು ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಕೊಸರು ಎಲ್ಲರಿಗೂ ಸಿಗುತ್ತಿರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಪರಿಚಿತರ ಮಕ್ಕಳಿಗೆ ಬೆಲ್ಲದ ಚೂರು ಸಿಗುತ್ತಿತ್ತು, ಅಂಗಡಿಯ ಹೊರಗೆ ನಿಂತೇ ಕೊಳ್ಳಬೇಕಾಗಿದ್ದವರ ಮಕ್ಕಳಿಗೆ ಸಿಗುತ್ತಿರಲಿಲ್ಲ, ಅದನ್ನು ನಾನೇ ಕಂಡಿದ್ದೇನೆ. ಮಾಲ್‌ನಲ್ಲಿ ಬೆಲೆಪಟ್ಟಿ ನೋಡಿ ಮರುಮಾತಿಲ್ಲದೆ ಕಾರ್ಡ್ ಉಜ್ಜುವ ನಾವು, ಬಿಸಿಲಿನಲ್ಲಿ ಕುಳಿತ ಸೊಪ್ಪಿನ ಹೆಂಗಸಿನಿಂದ ಇನ್ನೊಂದು ಕಟ್ಟನ್ನು ಹಕ್ಕಿನಂತೆ ಕೇಳಿ ಕಿತ್ತುಕೊಂಡದ್ದನ್ನೂ ಕೊಸರು ಎಂದೇ ಕರೆದಿದ್ದೇವೆ. ಆ್ಯಪ್ ಜಾತಿ ಕೇಳುವುದಿಲ್ಲ, ಮುಖ ನೋಡುವುದಿಲ್ಲ, ಎಲ್ಲರಿಗೂ ಒಂದೇ ತೂಕ. ಇದು ಸಣ್ಣ ಗುಣವಲ್ಲ. ಆದರೂ ಕೋವಿಡ್ ಬಂದ 2020ರ ಏಪ್ರಿಲ್‌ನಲ್ಲಿ ನಮ್ಮ ಕಟ್ಟಡದಲ್ಲಿ ಮನೆಕೆಲಸ ಮಾಡುತ್ತಿದ್ದ ನಾಲ್ಕು ಸಂಸಾರಗಳಿಗೆ ಸಂಬಳವಿಲ್ಲದ ಎರಡು ತಿಂಗಳು ಅಕ್ಕಿ ಬೇಳೆ ಕೊಟ್ಟು, ಉದ್ದನೆಯ ಕೆಂಪು ಪುಸ್ತಕದಲ್ಲಿ ಬರೆದುಕೊಂಡದ್ದು ಬೀದಿಯ ತುದಿಯ ದಿನಸಿ ಅಂಗಡಿ. ಈ ಆ್ಯಪ್‌ನಲ್ಲಿಯೂ ಈಗ ಕೊಂಡು, ಮುಂದಿನ ತಿಂಗಳು ಹಣ ಕಟ್ಟಿ ಎಂಬ ಸೌಲಭ್ಯವಿದೆ. ಅದು ನನಗೆ ಸಿಗುತ್ತದೆ, ಪಿಂಚಣಿ ಬರುವವನಿಗೆ. ಸಂಬಳವಿಲ್ಲದವರಿಗೆ ಸಿಗುವಂಥದ್ದಲ್ಲ.

ಸಂಕ್ರಾಂತಿಗೆ ಈ ಪ್ರಯೋಗ ಮುಗಿಯುವುದರಲ್ಲಿತ್ತು. ಎಳ್ಳು ಬೀರುವುದಕ್ಕೆಂದೇ ಸಿದ್ಧಪಡಿಸಿದ ಕಿಟ್ ಆ್ಯಪ್‌ನಲ್ಲಿ ಬಂದಿತ್ತು. ಎಳ್ಳು, ಬೆಲ್ಲದ ಚೂರು, ಕೊಬ್ಬರಿ, ಶೇಂಗಾ, ಹುರಿಗಡಲೆ ಎಲ್ಲವೂ ಯಂತ್ರದಲ್ಲಿ ಒಂದೇ ಅಳತೆಗೆ ಕತ್ತರಿಸಿ ಬೆರೆಸಿದ ಹನ್ನೆರಡು ಪೊಟ್ಟಣ, ಪ್ರತಿಯೊಂದರಲ್ಲೂ ಒಂದು ಸಕ್ಕರೆ ಅಚ್ಚು, ಮೇಲೆ ಬಣ್ಣದ ರಿಬ್ಬನ್. ಹೆಂಡತಿಗೆ ಆಗಿನ್ನೂ ಜ್ವರದ ನಿತ್ರಾಣ ಪೂರ್ತಿ ಹೋಗಿರಲಿಲ್ಲವಾದ್ದರಿಂದ ತರಿಸಿದೆವು. ಸಂಜೆಯ ಹೊತ್ತಿಗೆ ನಾವು ಹನ್ನೆರಡು ಮನೆಗೆ ಕೊಟ್ಟಿದ್ದೆವು, ನಮಗೆ ಒಂಬತ್ತು ಬಂದಿದ್ದವು. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಒಂಬತ್ತರಲ್ಲಿ ಆರು ನಾವು ಕೊಟ್ಟ ಪೊಟ್ಟಣಗಳೇ ಎನ್ನುವಂತಿದ್ದವು, ಅದೇ ರಿಬ್ಬನ್, ಅದೇ ಅಚ್ಚಿನ ಮೀನು. ಕೊಟ್ಟದ್ದು ಯಾವುದು, ಬಂದದ್ದು ಯಾವುದು ಎಂದು ನಮಗೇ ತಿಳಿಯದೆ ಇಬ್ಬರೂ ನಕ್ಕೆವು. ಒಂದೇ ಗೋದಾಮಿನಿಂದ ಹೊರಟ ಎಳ್ಳು ಐದು ಮಹಡಿ ಸುತ್ತಾಡಿ ಮತ್ತೆ ಒಂದೆಡೆ ಸೇರಿತ್ತು.

ಒಂಬತ್ತನೆಯದು ಪೊಟ್ಟಣವಲ್ಲ, ಒಂದು ಸ್ಟೀಲ್ ಡಬ್ಬಿ. ಮೇಲಿನ ಮಹಡಿಯ ಅಜ್ಜಿಯೇ ಮೆಟ್ಟಿಲಿಳಿದು ಬಂದು ಕೊಟ್ಟುಹೋಗಿದ್ದರು. ಮುಚ್ಚಳದ ಮೇಲೆ ಅವರ ಯಜಮಾನರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು ಸವೆದು ಅರ್ಧ ಅಳಿಸಿತ್ತು. ಒಳಗಿನ ಕೊಬ್ಬರಿಯ ಒಂದು ಚೂರಿನಂತೆ ಇನ್ನೊಂದಿರಲಿಲ್ಲ, ಕೆಲವು ತೆಳ್ಳಗೆ, ಕೆಲವು ಮೂಲೆ ಮುರಿದವು, ಕಪ್ಪು ಸಿಪ್ಪೆಯನ್ನು ಚೂರಿಯಿಂದ ಹೆರೆದ ಗುರುತು ಎಲ್ಲದರ ಮೇಲೂ ಇತ್ತು. ಮೂರು ಮಧ್ಯಾಹ್ನ ಕುಳಿತು ಹೆಚ್ಚಿದರಂತೆ. ಪೊಟ್ಟಣ ಖಾಲಿಯಾದರೆ ಕಸದ ಬುಟ್ಟಿಗೆ ಹೋಗುತ್ತದೆ, ಡಬ್ಬಿ ಖಾಲಿಯಾದರೆ ಹಿಂದಕ್ಕೆ ಹೋಗಬೇಕು, ಖಾಲಿಯಾಗಿ ಹೋಗಬಾರದು. ಅದು ನಮ್ಮ ಮನೆಗಳ ಹಳೆಯ ಕಟ್ಟಳೆ. ಎರಡು ದಿನ ಅದು ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದಂತೆಯೇ ಇತ್ತು.

ಕೊಳ್ಳುವವರಿಗೆ ನನ್ನ ಸಲಹೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಾಯಿಲೆಯವರಿದ್ದರೆ, ಒಂಟಿಯಾಗಿರುವ ವೃದ್ಧರಿದ್ದರೆ, ಹಸುಗೂಸಿದ್ದರೆ ಈ ಸೇವೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮೊದಲ ದಿನವೇ ಅದರ ಸೂಚನೆಗಳನ್ನೆಲ್ಲ ಬಂದ್ ಮಾಡಿ, ದೇಣಿಗೆಯ ಟಿಕ್ ತೆಗೆದು, ಕೊಡುವುದಿದ್ದರೆ ಗೊತ್ತಿರುವ ಕಡೆಗೆ ಗೊತ್ತಿದ್ದೇ ಕೊಡಿ. ಟಿಪ್ ಕೊಡುವುದಾದರೆ ಕೈಯಲ್ಲಿ ಕೊಡಿ, ಬಣ್ಣದ ಕಾಗದ ಉದುರುವುದಿಲ್ಲ ಅಷ್ಟೇ. ಹೇಳದೆ ಸೇರಿಸಿದ ಹಣ ಕಂಡರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ರಾತ್ರಿ ಹತ್ತರ ಮೇಲೆ ಥರ್ಮಾಮೀಟರ್ ಬಿಟ್ಟು ಬೇರೇನನ್ನಾದರೂ ಹುಡುಕುತ್ತಿದ್ದೀರಾದರೆ ಒಮ್ಮೆ ಚಪ್ಪಲಿಯವರೆಗೆ ನಡೆದು ನೋಡಿ. ಸಾಮಾನು ತಲುಪಿಸುವ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ತರಕಾರಿಗೆ ಎರಡೂವರೆ, ಬಿಲ್ಲಿನ ಪ್ರಾಮಾಣಿಕತೆಗೆ ಒಂದು.

ನೂರನೆಯ ದಿನ ಬೆಳಿಗ್ಗೆ ಹೆಂಡತಿ ಅಜ್ಜಿಯ ಡಬ್ಬಿಗೆ ಹಾಕಲೆಂದು ಹುಳಿಯವಲಕ್ಕಿ ಮಾಡಲು ನಿಂತಳು. ಕರಿಬೇವು ಇರಲಿಲ್ಲ. ನಾನು ಮೊಬೈಲ್ ತೆಗೆದದ್ದನ್ನು ನೋಡಿ, ‘ಐದು ರೂಪಾಯಿ ಕರಿಬೇವಿಗೆ ಆ ಹುಡುಗರನ್ನ ಓಡಿಸಬೇಡಿ, ಮಂಡಿ ಈಗ ಪರವಾಗಿಲ್ವಲ್ಲ’ ಎಂದಳು. ಕೆಳಗಿನ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಹೆಂಗಸು ಎಂದಿನ ಜಾಗದಲ್ಲೇ ಇದ್ದಳು. ‘ಏನ್ ಸ್ವಾಮಿ, ಊರಲ್ಲಿರ್ಲಿಲ್ವಾ? ಕಾಣ್ಲೇ ಇಲ್ವಲ್ಲ’ ಎಂದಳು. ಮಂಡಿ ನೋವು ಎಂದೆ. ಅದು ಅರ್ಧ ನಿಜ, ಉಳಿದರ್ಧವನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಕರಿಬೇವೊಂದನ್ನೇ ಕೇಳಲು ಸಂಕೋಚವಾಗಿ ಕಾಲು ಕಿಲೋ ಅವರೆಕಾಯಿಯನ್ನೂ ಕೇಳಿದೆ. ತೂಗಿದಳು, ತಟ್ಟೆ ಸಮನಾಗಿ ನಿಂತಿತು, ಬೆನ್ನಿಗೇ ರಾಶಿಯೊಳಗೆ ಕೈಯಿಟ್ಟು ಒಂದು ಹಿಡಿ ತೆಗೆದು ಚೀಲದ ಮೇಲೆ ಸುರಿದಳು. ಕರಿಬೇವಿಗೆ ಎಷ್ಟು ಎಂದು ಕೇಳಿದಾಗ ಅವಳು ತಲೆ ಎತ್ತಲೂ ಇಲ್ಲ, ಮುಂದಿನ ಗಿರಾಕಿಯ ಟೊಮೆಟೊ ಆರಿಸುತ್ತ, ‘ಇಟ್ಕೊಂಡ್ ಹೋಗಿ’ ಎಂದಳು.

ಡಬ್ಬಿಯನ್ನು ಹತ್ತು ಗಂಟೆಯ ಹೊತ್ತಿಗೆ ಬಿಸಿಬಿಸಿಯಾಗಿ ಮೇಲಿನ ಮಹಡಿಗೆ ಕೊಟ್ಟುಬಂದೆ. ಅಜ್ಜಿ ಮುಚ್ಚಳ ತೆಗೆದು ಮೂಸಿ ನೋಡಿ, ಒಗ್ಗರಣೆಗೆ ಇಂಗು ಸ್ವಲ್ಪ ಕಮ್ಮಿಯಾಯಿತೆಂದು ಹೇಳಿ ಒಳಗಿಟ್ಟರು.